ಲಾರಿಯಿಂದ ಮರ ಇಳಿಸುವ ಮುಂಚೆ

ಮನೆ ಕಟ್ಟಿಸುವವರು ಸಿಮೆಂಟ್ ಚೀಲದ ಮೇಲಿನ ತಿಂಗಳು ನೋಡುತ್ತಾರೆ, ಕಬ್ಬಿಣದ ತೂಕ ಹಾಕಿಸುತ್ತಾರೆ, ಮರಳನ್ನು ಅಂಗೈಯಲ್ಲಿ ಉಜ್ಜಿ ಮಣ್ಣೆಷ್ಟಿದೆ ಅಂತ ಹೇಳಿಬಿಡುತ್ತಾರೆ. ಮರ ಬಂದಾಗ ಮಾತ್ರ ಒಂದೇ ಪ್ರಶ್ನೆ: "ಇದು ತೇಗಾನಾ?" ಸಾಮಿಲ್ಲಿನವರು "ಹೌದು ಸಾರ್, ಒಳ್ಳೇ ತೇಗ" ಅಂದರೆ ಅಲ್ಲಿಗೆ ಪರೀಕ್ಷೆ ಮುಗಿಯಿತು.

ಮಳೆಗಾಲದಲ್ಲಿ ಬಾಗಿಲು ಹಿಡಿದುಕೊಳ್ಳುವುದು, ಚೌಕಟ್ಟಿನ ಮೂಲೆ ಬಿಟ್ಟುಕೊಳ್ಳುವುದು, ಎರಡನೇ ವರ್ಷಕ್ಕೆ ಕಿಟಕಿಯ ಕೆಳಗೆ ಹಿಟ್ಟಿನಂಥ ಪುಡಿ ಬೀಳುವುದು, ಇವುಗಳಲ್ಲಿ ಹೆಚ್ಚಿನವಕ್ಕೆ ಮರದ ಜಾತಿ ಕಾರಣವೇ ಅಲ್ಲ. ತೇಗದ ಬಿಳಿ ಭಾಗವೂ ತೇಗವೇ. ಹಸಿ ತೇಗವೂ ತೇಗವೇ. ನಡುವೆ ತಿರುಳು ಸಿಕ್ಕಿಕೊಂಡ ತುಂಡೂ ತೇಗವೇ. ಬಿಲ್ಲಿನಲ್ಲಿ ಸುಳ್ಳಿರುವುದಿಲ್ಲ, ಬಾಗಿಲು ಮಾತ್ರ ಮುಚ್ಚುವುದಿಲ್ಲ. ಆದ್ದರಿಂದ ಹೆಸರು ಆಮೇಲೆ, ತುಂಡು ಮೊದಲು. ಮೂವತ್ತು ನಲವತ್ತು ತುಂಡಿನ ಲೋಡು ನೋಡಿ ಮುಗಿಸಲು ಒಂದು ಗಂಟೆ ಸಾಕು.

ಆರ್ಡರ್ ಕೊಡುವಾಗಲೇ ಎರಡು ಮಾತು ಚೀಟಿಯಲ್ಲಿ ಬರೆಸಿಕೊಳ್ಳಿ: ಮರ ಹಗಲು ಹೊತ್ತಿನಲ್ಲೇ ಬರಬೇಕು, ಬೇಡವೆಂದು ತೆಗೆದಿಟ್ಟ ತುಂಡು ಅದೇ ಗಾಡಿಯಲ್ಲಿ ವಾಪಸ್ ಹೋಗಬೇಕು. ಕತ್ತಲಾದ ಮೇಲೆ ಇಳಿಸಿದ ಲೋಡಿನಲ್ಲಿ ಏನಿತ್ತೆಂದು ಬೆಳಿಗ್ಗೆ ವಾದಿಸಿ ಗೆದ್ದವರು ಕಡಿಮೆ. ಕೈಯಲ್ಲಿ ಟೇಪು, ಮೂಲೆಮಟ್ಟ, ಹತ್ತಡಿ ನೂಲು, ಚೂಪಾದ ಒಂದು ಉಳಿ, ಒದ್ದೆ ಬಟ್ಟೆ, ಸೀಮೆಸುಣ್ಣ, ಟಾರ್ಚು ಇರಲಿ. ಇದರ ಜೊತೆಗೆ, ಒಂದೆರಡು ಸಾವಿರಕ್ಕೆ ಸಿಗುವ ಪಿನ್ ಇರುವ ತೇವಾಂಶ ಮೀಟರೂ ಇರಲಿ. ಲಕ್ಷಾಂತರ ರೂಪಾಯಿಯ ಮರಕ್ಕೆ ಇದು ದೊಡ್ಡ ಖರ್ಚಲ್ಲ.

ಅಳತೆ

ಕೊಯ್ದ ಮರದ ಲೆಕ್ಕ ಎಲ್ಲರಿಗೂ ಗೊತ್ತಿರುವಂಥದ್ದೇ: ಅಗಲ ಇಂಚಿನಲ್ಲಿ, ದಪ್ಪ ಇಂಚಿನಲ್ಲಿ, ಉದ್ದ ಅಡಿಯಲ್ಲಿ, ಮೂರನ್ನೂ ಗುಣಿಸಿ 144ರಿಂದ ಭಾಗಿಸಿದರೆ ಸಿಎಫ್‌ಟಿ, ಅಂದರೆ ಘನ ಅಡಿ. ಏಳಡಿ ಎತ್ತರ, ಮೂರೂವರೆ ಅಡಿ ಅಗಲದ, ಹೊಸಿಲೂ ಇರುವ 5×3 ಇಂಚಿನ ಚೌಕಟ್ಟಿಗೆ ಒಟ್ಟು 21 ಅಡಿ ಉದ್ದ ಬೇಕು, ಅಂದರೆ 2.19 ಸಿಎಫ್‌ಟಿ. ಹೊಸಿಲಿಲ್ಲದ ಒಳಬಾಗಿಲಿಗೆ 1.82.

ಸೋರಿಕೆ ಆಗುವುದು ದಪ್ಪದಲ್ಲಿ. 5×3 ಅಂತ ಬಿಲ್ ಆದ ತುಂಡಿಗೆ ಟೇಪು ಹಿಡಿದರೆ 4¾×2¾ ಬರುತ್ತದೆ. ಕಾಲಿಂಚು ತಾನೇ ಅನಿಸಬಹುದು, ಆದರೆ 15ರ ಜಾಗದಲ್ಲಿ 13.06 ಆಯಿತು, ಶೇಕಡಾ 13 ಮರ ಬಂದೇ ಇಲ್ಲ. 20 ಸಿಎಫ್‌ಟಿಗೆ ದುಡ್ಡು ಕೊಟ್ಟು 17.4 ಪಡೆದಂತಾಯಿತು. ಸಿಎಫ್‌ಟಿಗೆ 3,000 ರೂಪಾಯಿ ಎಂದು ಹಿಡಿದರೂ ಸುಮಾರು 7,750 ರೂಪಾಯಿ ಹೋಯಿತು. "ಗರಗಸಕ್ಕೆ ಹೋಗುತ್ತೆ ಸಾರ್" ಎಂಬ ಉತ್ತರ ಬರುತ್ತದೆ. ಗರಗಸಕ್ಕೆ ಹೋದದ್ದು ನಿಮ್ಮ ಲೆಕ್ಕಕ್ಕೋ ಅವರ ಲೆಕ್ಕಕ್ಕೋ ಎಂಬುದನ್ನು ದರ ಮಾತಾಡುವಾಗಲೇ ತೀರ್ಮಾನಿಸಿಕೊಳ್ಳಬೇಕು. ಕೀಸಿದ ಮೇಲೆ ಪೂರ್ತಿ 5×3 ಉಳಿಯಬೇಕಾದರೆ ಕೊಯ್ಯಿಸುವಾಗ 5¼×3¼ ಹೇಳಿ. ಪ್ರತಿ ತುಂಡನ್ನೂ ಎರಡು ತುದಿಯಲ್ಲಿ ಮತ್ತು ನಡುವೆ, ಮೂರು ಕಡೆ ಅಳೆಯಿರಿ. ಗರಗಸ ದಾರಿ ತಪ್ಪಿ ಓಡಿದ್ದರೆ ತುದಿಗಳು ಸರಿಯಿದ್ದು ನಡು ತೆಳುವಾಗಿರುತ್ತದೆ.

ದುಂಡು ದಿಮ್ಮಿ ಕೊಂಡು ಕೊಯ್ಯಿಸುವವರಿಗೆ ಲೆಕ್ಕ ಬೇರೆ. ಸುತ್ತಳತೆಯ ಕಾಲು ಭಾಗವನ್ನು ಅದರಿಂದಲೇ ಗುಣಿಸಿ ಉದ್ದ ಹಾಕುತ್ತಾರೆ. 48 ಇಂಚು ಸುತ್ತಿನ ಹತ್ತಡಿ ದಿಮ್ಮಿ ಹೀಗೆ 10 ಸಿಎಫ್‌ಟಿ ಆಗುತ್ತದೆ. ನಿಜವಾದ ಗಾತ್ರ 12.7ರಷ್ಟಿರುತ್ತದೆ. ಲಾಭವೆಂದು ಹಿಗ್ಗಬೇಡಿ. ತೊಗಟೆ ಬದಿಯ ಹಲಗೆ, ಬಿಳಿ ಭಾಗ, ತಿರುಳು, ಗರಗಸದ ಹೊಟ್ಟು ಎಲ್ಲ ಕಳೆದರೆ ಆ 2.7 ಸಿಎಫ್‌ಟಿಯ ಜೊತೆಗೆ ಇನ್ನಷ್ಟೂ ಹೋಗಿರುತ್ತದೆ.

ತುದಿ ನೋಡಿ

ಮರದ ಜಾತಕ ಇರುವುದು ಅಡ್ಡ ಕೊಯ್ದ ತುದಿಯಲ್ಲಿ. ಉದ್ದದ ಮುಖವನ್ನು ಕೀಸಿ, ಬಣ್ಣ ಬಳಿದು ಚಂದ ಮಾಡಬಹುದು. ತುದಿಯನ್ನು ಮರೆಮಾಚುವುದು ಕಷ್ಟ. ತುದಿಗೆ ಪೇಂಟು ಅಥವಾ ಮೇಣ ಬಳಿದಿದ್ದರೆ ಅದೊಂದೇ ಕಾರಣಕ್ಕೆ ಅನುಮಾನ ಬೇಡ, ತುದಿ ಬೇಗ ಒಣಗಿ ಸೀಳದಿರಲೆಂದು ಹಾಗೆ ಮಾಡುವುದು ಒಳ್ಳೆಯ ಪದ್ಧತಿಯೇ. ಆದರೆ ಅರ್ಧ ಇಂಚು ಕೊಯ್ಯಿಸಿ ಹೊಸ ಮುಖ ನೋಡಲು ಅಡ್ಡಿಯೇನಿಲ್ಲ. ಅದಕ್ಕೂ ಒಪ್ಪದವರ ಮರ ಬೇಡ.

ಕೊಯ್ದ ಮುಖಕ್ಕೆ ಒದ್ದೆ ಬಟ್ಟೆ ಒರೆಸಿ. ಮರದ ಬೆಳವಣಿಗೆಯ ಬಳೆಗಳು ಎದ್ದು ಕಾಣುತ್ತವೆ. ಮೊದಲು ಹುಡುಕಬೇಕಾದ್ದು ತಿರುಳನ್ನು, ಅಂದರೆ ಎಲ್ಲ ಬಳೆಗಳೂ ಸುತ್ತಿಕೊಂಡಿರುವ ನಡುಬಿಂದುವನ್ನು. ಅದು ನಿಮ್ಮ 5×3 ತುಂಡಿನ ಒಳಗೇ ಇದ್ದರೆ ಆ ತುಂಡು ಇವತ್ತು ಎಷ್ಟೇ ನೆಟ್ಟಗಿರಲಿ, ಸೀಳುತ್ತದೆ. ಮರ ಒಣಗುವಾಗ ಬಳೆಯ ಉದ್ದಕ್ಕೆ ಕುಗ್ಗುವಷ್ಟು ತಿರುಳಿನ ಕಡೆಗೆ ಕುಗ್ಗುವುದಿಲ್ಲ. ಮೊದಲನೆಯದು ಎರಡನೆಯದರ ಸುಮಾರು ಇಮ್ಮಡಿ. ತಿರುಳನ್ನು ನಡುವೆ ಇಟ್ಟುಕೊಂಡ ತುಂಡಿನಲ್ಲಿ ಹೊರಗಿನ ಬಳೆಗೆ ಕುಗ್ಗಬೇಕೆಂದಿರುತ್ತದೆ, ಒಳಗಿನದು ಬಿಡುವುದಿಲ್ಲ. ಕೊನೆಗೆ ಯಾವುದೋ ಒಂದು ಮುಖ ತಿರುಳಿನವರೆಗೂ ಬಾಯಿ ಬಿಡುತ್ತದೆ. ಇದು ಬಡಗಿಯ ತಪ್ಪಲ್ಲ, ಪಾಲಿಷಿನವರ ತಪ್ಪೂ ಅಲ್ಲ. ಚೌಕಟ್ಟಿಗೂ ಬಾಗಿಲಿಗೂ ತಿರುಳಿನ ತುಂಡು ಬೇಡವೇ ಬೇಡ.

ಇದೇ ಕಾರಣಕ್ಕೆ ಹಲಗೆಯ ಬಳೆ ಯಾವ ದಿಕ್ಕಿಗಿದೆ ಎಂಬುದೂ ಮುಖ್ಯ. ತುದಿಯಲ್ಲಿ ಬಳೆಗಳು ಹಲಗೆಯ ಮುಖಕ್ಕೆ ನೆಟ್ಟಗೆ ನಿಂತಿದ್ದರೆ ಅದು ಸಮವಾಗಿ ಉಳಿಯುವ ಹಲಗೆ. ಬಳೆಗಳು ಕಮಾನಿನಂತೆ ಮಲಗಿದ್ದರೆ ಒಣಗುವಾಗ ತೊಗಟೆ ಬದಿ ಒಳಕ್ಕೆ ಬಾಗಿ ತಟ್ಟೆಯಾಗುತ್ತದೆ. ಕಮಾನಿನ ಹಲಗೆಯಲ್ಲೇ ಬೆಟ್ಟದಂಥ ಗೀರು ಚಂದ ಕಾಣುವುದರಿಂದ ಗಿರಾಕಿಗಳು ಅದನ್ನೇ ಆರಿಸುತ್ತಾರೆ. ಸಣ್ಣ ಪ್ಯಾನೆಲ್ಲಿಗೆ ಪರವಾಗಿಲ್ಲ. ಹತ್ತಿಂಚು ಅಗಲದ ಒಂದೇ ಹಲಗೆ ಬೇಕೆಂದು ಹಟ ಹಿಡಿಯುವವರು ಇದನ್ನು ನೆನಪಿಟ್ಟುಕೊಂಡರೆ ಒಳ್ಳೆಯದು.

ಎರಡನೆಯದು ಬಿಳಿ ಭಾಗ. ತೊಗಟೆಗೆ ಅಂಟಿದ ತಿಳಿ ಬಣ್ಣದ ಮರ ಗಿಡ ಬದುಕಿದ್ದಾಗ ನೀರು ಸಾಗಿಸುತ್ತಿದ್ದ ಭಾಗ. ಅದರಲ್ಲಿ ಹುಳಕ್ಕೆ ಬೇಕಾದ ಪಿಷ್ಟ ಇರುತ್ತದೆ. ಒಳಗಿನ ಕೆಚ್ಚಿನಲ್ಲಿ ಗೆದ್ದಲಿಗೆ ಆಗದ ಅಂಶಗಳು ತುಂಬಿರುತ್ತವೆ. ತೇಗಕ್ಕೆ ಗೆದ್ದಲು ಹಿಡಿಯುವುದಿಲ್ಲ ಎಂಬ ಮಾತು ಕೆಚ್ಚಿಗೆ ಮಾತ್ರ ಸಲ್ಲುತ್ತದೆ. ತೋಟದ ಬದುವಿನಲ್ಲಿ ಬೆಳೆದು ಹದಿನೈದು ವರ್ಷಕ್ಕೆ ಕಡಿದ ಮರದಲ್ಲಿ ಕೆಚ್ಚು ಕಡಿಮೆ, ಬಿಳಿ ಹೆಚ್ಚು. ನೆಲಮಹಡಿಯ ಹೊಸಿಲು ಮತ್ತು ಚೌಕಟ್ಟಿನ ಕೆಳಗಿನ ಎರಡಡಿಯಲ್ಲಿ ಬಿಳಿ ಒಂದೆಳೆಯೂ ಇರಬಾರದು. ಮೇಲ್ಮಹಡಿಯ ಒಳಬಾಗಿಲಿನ ಚೌಕಟ್ಟಿನಲ್ಲಿ ಗೋಡೆ ಕಡೆಗೆ ಹೋಗುವ ಒಂದು ಅಂಚಿನಲ್ಲಿ ಅರ್ಧ ಇಂಚು ಬಿಳಿ ಇದ್ದರೆ, ಔಷಧಿ ಬಳಿಯುವುದಾದರೆ, ಒಪ್ಪಬಹುದು.

ಮೂರನೆಯದು ಸೀಳು. ತಿರುಳಿನಿಂದ ಹೊರಕ್ಕೆ ಹೋದ ಸಣ್ಣ ಸೀಳುಗಳು ಒಣಗುವಾಗ ಬರುವಂಥವು. ಅದರೊಳಗೆ ವಿಸಿಟಿಂಗ್ ಕಾರ್ಡ್ ತೂರಿಸಿ ಎಷ್ಟು ಆಳಕ್ಕೆ ಹೋಗುತ್ತದೆ ನೋಡಿ, ಉದ್ದದ ಮುಖದ ಮೇಲೆ ಎಷ್ಟು ದೂರ ಓಡಿದೆ ನೋಡಿ. ಎರಡು ಮೂರು ಇಂಚಿನಲ್ಲೇ ನಿಂತಿದ್ದು, ತುಂಡಿನ ಉದ್ದದಲ್ಲಿ ಆರಿಂಚು ಹೆಚ್ಚುವರಿ ಇದ್ದರೆ ಕತ್ತರಿಸಿ ಹಾಕಿದರಾಯಿತು. ಬಳೆಯ ಗುಂಟವೇ ಚಂದ್ರನಂತೆ ಬಾಗಿ ಹೋದ ಸೀಳು ಬೇರೆ ಜಾತಿಯದು. ಅದು ಮರ ನಿಂತಿದ್ದಾಗಲೇ ಆಗಿರುವಂಥದ್ದು, ಎಷ್ಟು ದೂರ ಹೋಗಿದೆಯೆಂದು ಹೊರಗಿನಿಂದ ತಿಳಿಯುವುದಿಲ್ಲ, ತುದಿ ಕೊಯ್ದರೆ ಹೋಗುವುದೂ ಇಲ್ಲ. ಸೀಮೆಸುಣ್ಣದಲ್ಲಿ ಅಡ್ಡಗೀಟು ಹಾಕಿ ಪಕ್ಕಕ್ಕಿಡಿ.

ನೀರು ಎಷ್ಟಿದೆ

"ಸೀಸನಿಂಗ್ ಆಗಿದೆ", ಅಂದರೆ ಮರ ಒಣಗಿದೆ, ಎಂಬ ಮಾತಿಗೆ ಅರ್ಥವಿಲ್ಲ. ಕೇಳಬೇಕಾದ್ದು ಒಂದು ಸಂಖ್ಯೆ. ಭಾರತೀಯ ಮಾನಕ ಐಎಸ್ 287 ದೇಶವನ್ನು ಗಾಳಿಯ ತೇವದ ಪ್ರಕಾರ ನಾಲ್ಕು ವಲಯ ಮಾಡಿ, ಯಾವ ಕೆಲಸದ ಮರದಲ್ಲಿ ಎಷ್ಟು ತೇವ ಇರಬಹುದೆಂದು ಹೇಳುತ್ತದೆ. ಕೆಲಸದ ಮಟ್ಟಿಗೆ ಹೀಗಿಟ್ಟುಕೊಳ್ಳಿ: ಒಳನಾಡಿನ ಒಣ ಊರುಗಳಲ್ಲಿ ಬಾಗಿಲು ಕಿಟಕಿಗೆ ಶೇಕಡಾ 10ರಿಂದ 12, ಕರಾವಳಿ ಮಲೆನಾಡಿನಲ್ಲಿ 14ರಿಂದ 16. ಅದಕ್ಕಿಂತ ನಾಲ್ಕೈದು ಹೆಚ್ಚಿದ್ದರೆ ಕಾಯಬೇಕು. 25 ದಾಟಿದ್ದರೆ ಅದು ಹಸಿ ಮರ. ಕುಗ್ಗುವುದು ಇನ್ನೂ ಶುರುವೇ ಆಗಿಲ್ಲದಿರಬಹುದು, ಏಕೆಂದರೆ ಎಳೆಗಳ ಗೋಡೆಯೊಳಗಿನ ನೀರು ಹೊರಟ ಮೇಲೆಯೇ ಮರ ಕುಗ್ಗುವುದು. ಕಮಾನು ಬಳೆಯ ಹತ್ತಿಂಚು ತೇಗದ ಹಲಗೆ 25ರಿಂದ 12ಕ್ಕೆ ಇಳಿಯುವಷ್ಟರಲ್ಲಿ ಸುಮಾರು ಕಾಲಿಂಚು ಅಗಲ ಕಳೆದುಕೊಳ್ಳುತ್ತದೆ. ಪ್ಯಾನೆಲ್ ಸಂದಿಯಲ್ಲಿ ಬೆಳಕು ಕಾಣುವುದು ಇದರಿಂದಲೇ.

ಮೀಟರು ಬಳಸುವುದರಲ್ಲೂ ಮೋಸ ಹೋಗಬಹುದು. ಅದು ಅಳೆಯುವುದು ಎರಡು ಪಿನ್‌ಗಳ ನಡುವಿನ ವಿದ್ಯುತ್ ತಡೆಯನ್ನು, ಪಿನ್ ಹೋದಷ್ಟು ಆಳದಲ್ಲಿ ಮಾತ್ರ. ವಾರಗಟ್ಟಲೆ ಬಿಸಿಲಿಗಿಟ್ಟ ಮೂರಿಂಚು ದಪ್ಪದ ತುಂಡು ಮೇಲೆ 13 ತೋರಿಸುತ್ತದೆ, ಒಳಗೆ 24 ಇರುತ್ತದೆ. ತುದಿಯಲ್ಲಿ ಚುಚ್ಚಿದರೆ ಇನ್ನೂ ಕಡಿಮೆ ತೋರಿಸುತ್ತದೆ, ತುದಿ ಎಲ್ಲಕ್ಕಿಂತ ಮೊದಲು ಒಣಗುವ ಜಾಗ. ಆದ್ದರಿಂದ ಇಡೀ ಲೋಡಿನಲ್ಲಿ ಎಲ್ಲಕ್ಕಿಂತ ಭಾರವೆನಿಸುವ ಒಂದು ತುಂಡು ಆರಿಸಿ, ತುದಿಯಿಂದ ಎರಡಡಿ ಒಳಗೆ ಅಡ್ಡ ಕೊಯ್ಯಿಸಿ, ಹೊಸ ಮುಖದ ನಡುಮಧ್ಯಕ್ಕೆ ಪಿನ್ ಚುಚ್ಚಿ. ಒಂದು ತುಂಡು ಗಿಡ್ಡವಾಗುತ್ತದೆ ಎಂಬ ಜಿಪುಣತನ ಬೇಡ, ಅದು ಕಿಟಕಿಗೆ ಬರುತ್ತದೆ. ಮೀಟರಿನಲ್ಲಿ ಮರದ ಜಾತಿ ಆರಿಸುವ ಸೌಲಭ್ಯವಿದ್ದರೆ ಅದನ್ನು ಸರಿಯಾಗಿ ಇಡಿ. ಉಪ್ಪಿನ ಜಾತಿಯ ಔಷಧಿ ಹಾಕಿದ ಮರದಲ್ಲಿ ಮೀಟರು ಇಲ್ಲದ ತೇವ ತೋರಿಸುತ್ತದೆ.

ಮೀಟರನ್ನೇ ನಂಬದವರಿಗೆ ಅಡುಗೆಮನೆಯ ತಕ್ಕಡಿ ಇದೆ. ನಡುವಿನಿಂದ ಒಂದಿಂಚು ದಪ್ಪದ ಬಿಲ್ಲೆ ಕೊಯ್ದು ಆಗಲೇ ತೂಗಿ. 103 ಡಿಗ್ರಿ ಸೆಲ್ಸಿಯಸ್‌ನಲ್ಲಿ ಓವನ್ನಿನಲ್ಲಿಟ್ಟು, ಎರಡು ಸಲ ತೂಗಿದರೂ ಒಂದೇ ತೂಕ ಬರುವವರೆಗೆ ಒಣಗಿಸಿ. ಮೊದಲು 412 ಗ್ರಾಂ ಇದ್ದದ್ದು 343ಕ್ಕೆ ನಿಂತರೆ, ಹೋದ 69 ಗ್ರಾಂ ನೀರನ್ನು 343ರಿಂದ ಭಾಗಿಸಿ: ಶೇಕಡಾ 20. ಭಾಗಿಸಬೇಕಾದ್ದು ಒಣ ತೂಕದಿಂದ, ಹಸಿ ತೂಕದಿಂದಲ್ಲ.

ಇನ್ನೂ ಒರಟು ಅಂದಾಜು ಸಾಕೆಂದರೆ, ಒಣಗಿದ ತೇಗ ಸಿಎಫ್‌ಟಿಗೆ ಸುಮಾರು 18-19 ಕೆ.ಜಿ. ತೂಗುತ್ತದೆ. ಏಳಡಿಯ 5×3 ತುಂಡು ಹದಿಮೂರು ಹದಿನಾಲ್ಕು ಕೆ.ಜಿ. ಇರಬೇಕು. ಅದು 17 ತೂಗಿದರೆ ಒಂದೋ ನೀರಿದೆ, ಇಲ್ಲವೋ ಅದು ತೇಗವಲ್ಲ.

ಹೆಸರಿನ ವಿಚಾರ

ಈಗ ಜಾತಿಗೆ ಬರೋಣ. ಮ್ಯಾನ್ಮಾರ್ 2014ರ ಏಪ್ರಿಲ್ 1ರಿಂದ ದುಂಡು ದಿಮ್ಮಿಗಳ ರಫ್ತನ್ನು ನಿಲ್ಲಿಸಿತು. ಇವತ್ತು ಯಾರಾದರೂ ಬರ್ಮಾ ತೇಗದ ದಿಮ್ಮಿ ತೋರಿಸಿದರೆ ಯಾವಾಗಿನದು, ಎಲ್ಲಿಂದ ಬಂತು ಎಂಬ ಕಾಗದ ಕೇಳಿ. ಘಾನಾದಿಂದ ಬರುವ ತೇಗ ಸಸ್ಯವಾಗಿ ನಮ್ಮ ತೇಗವೇ, ಅಲ್ಲಿ ನೆಟ್ಟು ಬೆಳೆಸಿದ್ದು. ಅದರಲ್ಲಿ ನೋಡಬೇಕಾದ್ದು ಬಿಳಿ ಭಾಗ ಮತ್ತು ಗಂಟು. 'ಆಫ್ರಿಕನ್ ಟೀಕ್' ಎಂದಷ್ಟೇ ಬರೆದಿದ್ದರೆ ಹುಷಾರು, ಆ ಹೆಸರಿನಲ್ಲಿ ತೇಗಕ್ಕೆ ಸಂಬಂಧವೇ ಇಲ್ಲದ ಮರಗಳೂ ಮಾರಾಟವಾಗುತ್ತವೆ. 'ಮಲೇಶಿಯನ್ ಸಾಲ್' ಎಂಬುದೂ ಒಂದು ಮರದ ಹೆಸರಲ್ಲ, ಅಂಗಡಿಯವರು ಇಟ್ಟ ಹೆಸರು.

ತೇಗವನ್ನು ಗುರುತಿಸಲು ಉಳಿಯಿಂದ ಒಂದು ತೆಳು ಸಿಪ್ಪೆ ಎಬ್ಬಿಸಿ. ಹೊಸದಾಗಿ ಎದ್ದ ಜಾಗ ಹೊಸ ಚರ್ಮದ ಚಪ್ಪಲಿಯ ವಾಸನೆ ಬರುತ್ತದೆ, ಹೆಬ್ಬೆರಳಿಗೆ ಮೇಣ ಸವರಿದ ಹಾಗೆ ನಯವಾಗಿರುತ್ತದೆ. ತುದಿಯನ್ನು ಚೂಪು ಉಳಿಯಿಂದ ಕೆತ್ತಿ ಒದ್ದೆ ಮಾಡಿ, ಚಿನ್ನದಂಗಡಿಯವರು ಬಳಸುವ ಹತ್ತುಪಟ್ಟಿನ ಮಸೂರದಲ್ಲಿ ನೋಡಿದರೆ ಪ್ರತಿ ಬಳೆಯ ಆರಂಭದಲ್ಲಿ ದೊಡ್ಡ ರಂಧ್ರಗಳ ಸಾಲು ಕಾಣುತ್ತದೆ. ರಂಧ್ರಗಳು ಎಲ್ಲ ಕಡೆ ಒಂದೇ ಸಮ ಚೆಲ್ಲಿದಂತಿದ್ದು ಬಳೆಯೇ ಸ್ಪಷ್ಟವಿಲ್ಲದಿದ್ದರೆ ಬಣ್ಣ ಎಷ್ಟೇ ತೇಗದಂತಿರಲಿ, ಅನುಮಾನಿಸಿ. ಬಳೆ ಒತ್ತೊತ್ತಾಗಿದ್ದಷ್ಟೂ ಗಟ್ಟಿ ಎಂಬ ನಂಬಿಕೆ ತೇಗದ ಮಟ್ಟಿಗೆ ಪೂರ್ತಿ ನಿಜವಲ್ಲ. ಬಳೆ ತೀರ ಕಿರಿದಾದರೆ ರಂಧ್ರದ ಸಾಲುಗಳೇ ಹೆಚ್ಚಾಗಿ ಮರ ಹಗುರವಾಗುತ್ತದೆ.

ಹೊನ್ನೆಗೆ ಇದಕ್ಕಿಂತ ಸುಲಭದ ಪರೀಕ್ಷೆ ಇದೆ. ಕೆಚ್ಚಿನ ನಾಲ್ಕು ಚಕ್ಕೆ ಗಾಜಿನ ಲೋಟದ ನೀರಿಗೆ ಹಾಕಿ ಸ್ವಲ್ಪ ಹೊತ್ತು ಬಿಟ್ಟು ಬಿಸಿಲಿಗೆ ಹಿಡಿದರೆ ನೀರು ನೀಲಿ ಮಿಂಚುತ್ತದೆ. ಸಕ್ಕರೆ ಕಾಯಿಲೆಗೆಂದು ಮಾರುವ ಮರದ ಲೋಟ ಇದೇ ಹೊನ್ನೆಯದು. ದೊಡ್ಡ ಮೊತ್ತದ ಮರವಾಗಿದ್ದು ಸಂಶಯ ತೀರದಿದ್ದರೆ ಬೆಂಗಳೂರಿನ ಮಲ್ಲೇಶ್ವರದಲ್ಲಿರುವ ಮರ ವಿಜ್ಞಾನ ಮತ್ತು ತಂತ್ರಜ್ಞಾನ ಸಂಸ್ಥೆಯಲ್ಲಿ ಮರ ಗುರುತಿಸಿ ಕೊಡುತ್ತಾರೆ.

ನಮ್ಮ ಅಭಿಪ್ರಾಯ ಕೇಳಿದರೆ, ಬಿಳಿ ತುಂಬಿದ ಎಳೆ ತೇಗಕ್ಕಿಂತ ಚೆನ್ನಾಗಿ ಒಣಗಿದ ಹೊನ್ನೆ, ಹೆಬ್ಬಲಸು ಅಥವಾ ಹಲಸಿನ ಕೆಚ್ಚು ಎಷ್ಟೋ ಮೇಲು. ಮತ್ತಿ ಗಟ್ಟಿ, ಆದರೆ ಒಣಗುವಾಗ ಮೇಲ್ಮೈ ಸೀಳುವ ಚಾಳಿ ಇದೆ. ಪೂರ್ತಿ ಒಣಗಿದ್ದನ್ನು ಕಣ್ಣಾರೆ ನೋಡಿಯೇ ಕೊಳ್ಳಬೇಕು. ಕರಾವಳಿಯ ಕಿರಾಲುಬೋಗಿ ಮಳೆಗೆ ಒಡ್ಡಿದ ಜಾಗಕ್ಕೆ ಹೇಳಿ ಮಾಡಿಸಿದ್ದು, ಆಚಾರರ ಉಳಿಗೆ ಮಾತ್ರ ಶತ್ರು.

ಮೇಕಪ್ಪು, ಹುಳು, ಸೊಟ್ಟ

ಹೊಟ್ಟಿಗೆ ಅಂಟು ಕಲಸಿ ಸತ್ತ ಗಂಟು, ಸೀಳು, ಹುಳದ ತೂತು ತುಂಬುವುದು ಹಳೇ ವಿದ್ಯೆ. ಟಾರ್ಚನ್ನು ಮರದ ಮುಖಕ್ಕೆ ಅಡ್ಡಡ್ಡ ಹಿಡಿದು ನೋಡಿ. ತುಂಬಿದ ಜಾಗದಲ್ಲಿ ಎಳೆ ಇರುವುದಿಲ್ಲ, ಒದ್ದೆ ಬಟ್ಟೆ ಒರೆಸಿದರೆ ಆ ತೇಪೆ ಸುತ್ತಲಿನ ಮರದಂತೆ ಕಪ್ಪಾಗುವುದಿಲ್ಲ. ಬಿಳಿ ಭಾಗಕ್ಕೆ ಬಣ್ಣ ಹಾಕಿದ್ದರೆ ಥಿನ್ನರಿನಲ್ಲಿ ಅದ್ದಿದ ಬಟ್ಟೆ ಬಣ್ಣ ಹಿಡಿಯುತ್ತದೆ. ಉಳಿಯಿಂದ ಒಂದು ಗೀರು ಎಳೆದರೂ ಸಾಕು, ಒಳಗೆ ಬೆಳ್ಳಗೆ ಇಣುಕುತ್ತದೆ.

ತೂತುಗಳಲ್ಲಿ ಭಯಪಡಬೇಕಾದ್ದು ಚಿಕ್ಕವಕ್ಕೆ. ಗುಂಡುಸೂಜಿ ತಲೆಯಷ್ಟು ತೂತು, ತಟ್ಟಿದರೆ ಟಾಲ್ಕಂ ಪೌಡರಿನಂಥ ನುಣುಪು ಪುಡಿ ಉದುರಿದರೆ ಕುಟ್ಟೆ ಒಳಗೆ ಬದುಕಿದೆ. ಆ ತುಂಡನ್ನು ಬೇರೆ ಮರದ ಪಕ್ಕ ಇಡಲೂಬೇಡಿ. ಪೆನ್ಸಿಲ್ ದಪ್ಪದ, ಒಳಗೋಡೆ ಕಪ್ಪಾದ, ಪುಡಿ ಇಲ್ಲದ ತೂತು ಮರ ನಿಂತಿದ್ದಾಗ ಆಗಿಹೋದದ್ದು. ನೋಟಕ್ಕೆ ಕೆಟ್ಟದು, ರೋಗವಲ್ಲ.

ಸೊಟ್ಟ ನೋಡಲು ತುಂಡಿನ ಎರಡು ತುದಿಗೆ ನೂಲು ಬಿಗಿಹಿಡಿದು ನಡುವಿನ ಸಂದಿ ಅಳೆಯಿರಿ. ಏಳಡಿಗೆ ಮೂರ್ನಾಲ್ಕು ಮಿ.ಮೀ. ಆದರೆ ಕೀಸುವಾಗ ಹೋಗುತ್ತದೆ. ತಿರುಚಿಕೊಂಡದ್ದು ಹಾಗಲ್ಲ. ಎರಡು ನೇರ ಪಟ್ಟಿಗಳನ್ನು ತುಂಡಿನ ಎರಡು ತುದಿಯಲ್ಲಿ ಅಡ್ಡ ಇಟ್ಟು, ಕಣ್ಣನ್ನು ಮಟ್ಟಕ್ಕೆ ತಂದು ಒಂದರ ಮೇಲಿಂದ ಇನ್ನೊಂದನ್ನು ನೋಡಿ. ಅಂಚುಗಳು ಕೂಡದಿದ್ದರೆ ತಿರುಚಿದೆ ಎಂದರ್ಥ. ಅದನ್ನು ಕೀಸಿ ನೇರ ಮಾಡಿದರೆ ದಪ್ಪ ಹೋಗುತ್ತದೆ, ಮುಂದಿನ ಮಳೆಗೆ ಮತ್ತೆ ತಿರುಚುತ್ತದೆ.

ಎಲ್ಲ ದೋಷಕ್ಕೂ ವಾಪಸ್ ಕಳಿಸಬೇಕಿಲ್ಲ. ಸುತ್ತಲಿನ ಮರಕ್ಕೆ ಹೊಂದಿಕೊಂಡ ಜೀವಂತ ಗಂಟು ಚೌಕಟ್ಟಿನ ನಡುವಿದ್ದರೆ ಇರಲಿ. ಕೀಲು ಹೊಡೆಯುವ ಜಾಗದಲ್ಲಿ, ಮೂಲೆ ಜೋಡಣೆಯಲ್ಲಿ, ತಿರುಪು ಕೂರುವಲ್ಲಿ ಬೇಡ. ಹೆಂಚಿನ ಮಾಡಿನ ಪಕಾಸಿಗಾದರೆ (ಹೆಂಚಿನ ಭಾರ ಹೊರುವ ಇಳಿಜಾರು ತೊಲೆ) ನಡುಭಾಗದ ಕೆಳ ಅಂಚಿನ ಗಂಟು ಅಪಾಯ, ಭಾರ ಬಿದ್ದಾಗ ಕೆಳ ಅಂಚೇ ಎಳೆತಕ್ಕೆ ಸಿಕ್ಕುವುದು. ಅದೇ ಪಕಾಸನ್ನು ತಿರುಗಿಸಿ ಗಂಟು ಮೇಲೆ ಬರುವಂತೆ ಹಾಕಿದರೆ ಎಷ್ಟೋ ಸಲ ನಡೆಯುತ್ತದೆ.

ಕಾಗದದ ವಿಚಾರ ಚಿಕ್ಕದು: ಸಾಮಿಲ್ಲಿನ ತೆರಿಗೆ ಬಿಲ್ಲು, ಅರಣ್ಯ ಇಲಾಖೆಯ ಡಿಪೋದಿಂದ ಬಂದದ್ದಾದರೆ ಅಲ್ಲಿನ ರಶೀದಿ ಮತ್ತು ಸಾಗಣೆ ಪರವಾನಗಿಯ ಪ್ರತಿ ಇಟ್ಟುಕೊಳ್ಳಿ. ಬೀಟೆಯನ್ನು ಕಾಗದವಿಲ್ಲದೆ ಮುಟ್ಟಬೇಡಿ.

ಇಳಿಸಿದ ಮೇಲೆ

ಒಪ್ಪಿದ ಮರವನ್ನು ಗೋಡೆಗೆ ಒರಗಿಸಿ ಬಿಟ್ಟರೆ ಹದಿನೈದು ದಿನದಲ್ಲಿ ನೀವೇ ಬಾಗಿಸಿದಂತೆ. ನೆಲದಿಂದ ಒಂದಡಿ ಎತ್ತರಕ್ಕೆ ಇಟ್ಟಿಗೆ ಜೋಡಿಸಿ, ಮಟ್ಟ ನೋಡಿ, ಅದರ ಮೇಲೆ ಮರ ಹಾಸಿ. ಪ್ರತಿ ಸಾಲಿನ ನಡುವೆ ಒಂದಿಂಚಿನ ರೀಪು (ಸಣ್ಣ ಮರದ ಪಟ್ಟಿ), ಎರಡಡಿಗೊಂದರಂತೆ, ಮೇಲಿನಿಂದ ಕೆಳಗಿನವರೆಗೆ ಒಂದರ ನೇರಕ್ಕೇ ಒಂದು ಇರಬೇಕು. ರೀಪು ನೇರಕ್ಕಿಲ್ಲದಿದ್ದರೆ ಮೇಲಿನ ಭಾರಕ್ಕೆ ಕೆಳಗಿನ ತುಂಡು ಬಾಗುತ್ತದೆ. ಮೇಲೆ ಶೀಟು ಹಾಕಿ, ಸುತ್ತ ಗಾಳಿ ಆಡಲಿ. ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಕಟ್ಟಿದರೆ ಒಳಗೆ ಬೂಷ್ಟು ಬರುತ್ತದೆ.

ಒಣಗಿದ ಮರ ತಂದು ಕೊನೆಗೆ ಕೆಡಿಸುವುದು ಸಿಮೆಂಟ್ ಗಟ್ಟಿಯಾಗಲೆಂದು ಹಾಕುವ ಕ್ಯೂರಿಂಗ್ ನೀರು. ಗೋಡೆ ಕಟ್ಟುವಾಗಲೇ ಚೌಕಟ್ಟು ನಿಲ್ಲಿಸಿ, ಆಮೇಲೆ ದಿನಕ್ಕೆರಡು ಸಲ ಪೈಪಿನಲ್ಲಿ ನೀರು ಬಿಟ್ಟರೆ 12ರ ಮರ ಮತ್ತೆ ಇಪ್ಪತ್ತು ದಾಟುತ್ತದೆ, ಆ ಉಬ್ಬಿದ ಚೌಕಟ್ಟಿಗೆ ಅಳತೆ ಹಿಡಿದು ಬಾಗಿಲು ಮಾಡಿಸುತ್ತಾರೆ. ಗೋಡೆಗೆ ಅಂಟುವ ಮುಖಗಳಿಗೂ ನೆಲಕ್ಕೆ ತಾಗುವ ತುದಿಗಳಿಗೂ ನಿಲ್ಲಿಸುವ ಮೊದಲೇ ಪ್ರೈಮರೋ ಮರದ ಔಷಧಿಯೋ ಎರಡು ಕೈ ಬಳಿಯಿರಿ. ಆಚಾರರು ಕತ್ತರಿಸಿದ ಪ್ರತಿ ಹೊಸ ತುದಿಗೂ ಮತ್ತೆ ಬಳಿಯಬೇಕು. ಬಾಗಿಲಿನ ಅಳತೆ ತೆಗೆಯುವುದು ಪ್ಲಾಸ್ಟರಿಂಗ್ ಒಣಗಿದ ಮೇಲೆ. ಮರ ಬಂದ ದಿನ ಮೀಟರು ಚುಚ್ಚಿದ ನಾಲ್ಕೈದು ತುಂಡುಗಳ ಮೇಲೆ ತಾರೀಖು ಮತ್ತು ಸಂಖ್ಯೆಯನ್ನು ಸೀಮೆಸುಣ್ಣದಲ್ಲಿ ಬರೆದಿಡಿ. ಆಚಾರರು ಕೆಲಸ ಶುರು ಮಾಡುವ ದಿನ ಅದೇ ತುಂಡುಗಳಿಗೆ ಮತ್ತೆ ಚುಚ್ಚಿ, ಸಂಖ್ಯೆ ಇಳಿಯುವುದು ನಿಂತಿದ್ದರೆ ಗರಗಸ ಹಾಕಿಸಿ.